ಮರಿ ಬಂದ ವಾರ ಫಿನಾಯಿಲ್ ಹಾಕಿ ನೆಲ ಒರೆಸಬೇಡಿ

ಶ್ರೀರಂಗಪಟ್ಟಣದ ಕಡೆಯ ಹಳ್ಳಿಯೊಂದರಿಂದ ಮೈಸೂರಿನ ಒಂದು ಮನೆಗೆ ತಂದ ಬೆಕ್ಕಿನ ಮರಿ ನಾಲ್ಕನೇ ದಿನ ಬೆಳಗಿನ ಜಾವ ಸತ್ತುಹೋಯಿತು. ತಂದ ದಿನ ಚುರುಕಾಗಿಯೇ ಇತ್ತು. ಮನೆಯವರು ಅಕ್ಕರೆಯಿಂದಲೇ ನೋಡಿಕೊಂಡಿದ್ದರು. ಅಲ್ಲಿ ಆದ ಒಂದೊಂದು ತಪ್ಪೂ ನಮ್ಮ ಕಡೆ ಬಹಳ ಮನೆಗಳಲ್ಲಿ ಆಗುವಂಥದ್ದೇ. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇವೆ.

ಮೊದಲನೆಯದು ವಯಸ್ಸು. ಕೊಟ್ಟವರು "ಎರಡು ತಿಂಗಳಾಗಿದೆ, ಅನ್ನ ತಿನ್ನುತ್ತೆ" ಅಂದಿದ್ದರು. ತೂಕ ಹಾಕಿದರೆ 480 ಗ್ರಾಂ. ಎಂಟು ವಾರದ ಮರಿ 800ರಿಂದ 900 ಗ್ರಾಂ ತೂಗಬೇಕು. ಕಣ್ಣಿನ ನೀಲಿ ಹೋಗಿರಲಿಲ್ಲ, ದವಡೆ ಹಲ್ಲು ಪೂರ್ತಿ ಬಂದಿರಲಿಲ್ಲ. ಐದು ವಾರದ ಮರಿ ಅದು. ಎಂಟು ವಾರಕ್ಕೆ ಮುಂಚೆ ತಾಯಿಯಿಂದ ಬಿಡಿಸಲೇಬಾರದು, ಹತ್ತು ಹನ್ನೆರಡು ವಾರ ಆದರೆ ಇನ್ನೂ ಒಳ್ಳೆಯದು. ಮರಿ ತರಲು ಹೋಗುವಾಗ ಅಡುಗೆಮನೆಯ ಚಿಕ್ಕ ತಕ್ಕಡಿ ಜೊತೆಗಿರಲಿ. ಬಾಯಿಮಾತು ನಂಬಬೇಡಿ.

ಸಂಜೆ ಚೀಲ ಬಿಚ್ಚಿ ಮರಿಯನ್ನು ಹಾಲ್‌ನಲ್ಲಿ ಬಿಟ್ಟರು. ಟಿವಿ ಓಡುತ್ತಿತ್ತು, ಮಕ್ಕಳು ಸುತ್ತ ಕೂತಿದ್ದರು. ಮರಿ ನೇರ ಫ್ರಿಜ್ ಹಿಂದಕ್ಕೆ ಓಡಿತು. ಪೊರಕೆ ತೂರಿಸಿ ಎಬ್ಬಿಸಲು ನೋಡಿದಷ್ಟೂ ಇನ್ನೂ ಒಳಗೆ ಸರಿಯಿತು. ಹದಿನೆಂಟು ಗಂಟೆ ಏನೂ ತಿನ್ನಲಿಲ್ಲ. ದೊಡ್ಡ ಬೆಕ್ಕು ಒಂದು ದಿನದ ಉಪವಾಸ ತಡೆದುಕೊಳ್ಳಬಹುದು. ಇಷ್ಟು ಎಳೆಯ ಮರಿ ಹನ್ನೆರಡು ಗಂಟೆ ತಿನ್ನದಿದ್ದರೆ ರಕ್ತದಲ್ಲಿ ಸಕ್ಕರೆ ಇಳಿಯುತ್ತೆ, ಮೈ ತಣ್ಣಗಾಗುತ್ತೆ.

ಮರಿಗೆ ಮೊದಲ ಕೆಲವು ದಿನ ಒಂದೇ ಒಂದು ಸಣ್ಣ ಕೋಣೆ ಸಾಕು. ಮಂಚ, ಬೀರುವಿನ ಕೆಳಗಿನ ಸಂದಿಗಳನ್ನು ಮೊದಲೇ ಮುಚ್ಚಿ. ರಟ್ಟಿನ ಪೆಟ್ಟಿಗೆಯೊಂದನ್ನು ಮಗ್ಗುಲಾಗಿ ಇಟ್ಟು ಹಳೆ ಕಾಟನ್ ಸೀರೆ ಹಾಸಿ. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪೆಟ್ಟಿಗೆಯ ಒಂದು ಕಡೆ ಮಾತ್ರ ಇಡಿ. ಸೆಕೆಯಾದರೆ ಮರಿ ಇನ್ನೊಂದು ಕಡೆಗೆ ಹೋಗಲು ಜಾಗ ಬೇಕು. ತಾಯಿ ಬೆಕ್ಕು ಮಲಗಿದ್ದ ಬಟ್ಟೆಯ ತುಂಡು ಸಿಕ್ಕರೆ ಅದಕ್ಕಿಂತ ಒಳ್ಳೆಯ ಹಾಸಿಗೆ ಇಲ್ಲ. ಊಟದ ತಟ್ಟೆಯಿಂದ ದೂರದ ಮೂಲೆಯಲ್ಲಿ ಮಲಮೂತ್ರಕ್ಕೆಂದು ಐದು ಸೆಂಟಿಮೀಟರ್ ಅಂಚಿನ ಟ್ರೇಗೆ ಸೋಸಿದ ಮರಳು ಹಾಕಿ. ಮರಳಿನ ಬದಲು ಅಂಗಡಿಯಲ್ಲಿ ಸಿಗುವ, ನೀರು ಬಿದ್ದರೆ ಗಟ್ಟಿಯಾಗುವ ಲಿಟರ್ ಈಗಲೇ ಬೇಡ, ಎಳೆ ಮರಿಗಳು ಅದನ್ನು ತಿಂದುಬಿಡುತ್ತವೆ. ಇನ್ನೊಂದು ವಿಷಯ, ಮಲ್ಲಿಗೆ ಹೂ ಕಟ್ಟಿದ ದಾರ. ಬಾಡಿದ ಮಾಲೆ ಕೆಳಗೆ ಬಿದ್ದಿದ್ದರೆ ಮರಿ ಆಡುತ್ತಾ ಆಡುತ್ತಾ ನುಂಗುತ್ತೆ, ಆ ದಾರ ಕರುಳನ್ನು ನೆರಿಗೆಯಂತೆ ಸುಕ್ಕಿಸಿ ಕೊಯ್ಯುತ್ತೆ. ಬಾಯಲ್ಲೋ ಹಿಂದಿನಿಂದಲೋ ದಾರ ಕಂಡರೆ ಎಳೆಯಬೇಡಿ, ಹಾಗೇ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಎರಡನೇ ದಿನ ಹಸಿವು ತಾಳಲಾರದೆ ಹೊರಬಂದ ಮರಿಗೆ ಒಂದು ಬಟ್ಟಲು ಹಸುವಿನ ಹಾಲು ಇಟ್ಟರು. ಗಟಗಟ ಕುಡಿಯಿತು. ರಾತ್ರಿಯೊಳಗೆ ನೀರಿನಂಥ ಭೇದಿ. ಹಸುವಿನ ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಮರಿಗೆ ಸರಿಯಾಗಿ ಅರಗುವುದಿಲ್ಲ. ಅರ್ಧ ಕೆಜಿಯೂ ಇಲ್ಲದ ಮೈಯಿಂದ ನೀರು ಹೋದರೆ ಉಳಿಯುವುದೇನು? ಬೆಕ್ಕಿನ ಮರಿಗೆಂದೇ ಬರುವ ಹಾಲಿನ ಪುಡಿ ಪೆಟ್ ಅಂಗಡಿಗಳಲ್ಲಿ ಸಿಗುತ್ತೆ. ಅದರ ಜೊತೆ ಒಂದು ಚಮಚ ಕಿಟನ್ ಫುಡ್ಡಿಗೆ ಎರಡು ಚಮಚ ಉಗುರುಬೆಚ್ಚಗಿನ ನೀರು ಹಾಕಿ, ಹತ್ತು ನಿಮಿಷ ನೆನೆಸಿ, ಕಿವುಚಿ ದಿನಕ್ಕೆ ನಾಲ್ಕೈದು ಸಲ ಕೊಡಿ. ಮೈ ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಿ, ಆಮೇಲೆ ಊಟ. ತಣ್ಣಗಿರುವ ಮರಿಗೆ ತಿಂದದ್ದು ಅರಗುವುದಿಲ್ಲ. ದಿನಾ ಒಂದೇ ಹೊತ್ತಿಗೆ ತೂಕ ನೋಡಿ ಬರೆದಿಡಿ. ದಿನಕ್ಕೆ 10ರಿಂದ 15 ಗ್ರಾಂ ಏರಬೇಕು.

ಮರಿಯನ್ನು ಕೊನೆಗೆ ಕೊಂದದ್ದು ಫಿನಾಯಿಲ್ ಎಂದೇ ನಮ್ಮ ಅನಿಸಿಕೆ. ಭೇದಿಯ ವಾಸನೆ ಹೋಗಲೆಂದು ಮೂರನೇ ದಿನ ಬೆಳಗ್ಗೆ ಫಿನಾಯಿಲ್ ಸುರಿದು ಇಡೀ ಹಾಲ್ ಒರೆಸಿದರು. ಒದ್ದೆ ನೆಲದ ಮೇಲೆ ಮರಿ ಓಡಾಡಿತು, ಕೂತು ಒಂದೊಂದೇ ಪಾದ ನೆಕ್ಕಿಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಗಲ್ಲದ ರೋಮವೆಲ್ಲ ಜೊಲ್ಲಿನಿಂದ ಒದ್ದೆ, ನಾಲಿಗೆಯ ತುದಿ ಕೆಂಪಾಗಿ ಸುಲಿದಿತ್ತು. ಸಂಜೆಗೆ ಕಾಲು ನಡುಗಲು ಶುರುವಾಯಿತು. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಒಡೆದು ಹೊರಹಾಕುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ತೀರಾ ಕಡಿಮೆ. ನಾಯಿ ತಡೆದುಕೊಳ್ಳುವ ಪ್ರಮಾಣವೂ ಬೆಕ್ಕಿಗೆ ವಿಷ. ಕಪ್ಪು ಫಿನಾಯಿಲ್ ಇರಲಿ, ಪೈನ್ ಎಣ್ಣೆಯ ಬಿಳಿ ಫಿನಾಯಿಲ್ ಇರಲಿ, ಎರಡೂ ಬೇಡ. ಪ್ಯಾರಾಸಿಟಮಾಲ್ ಮಾತ್ರೆಯ ಕಥೆಯೂ ಇದೇ, ಒಂದು ತುಂಡು ಕೊಟ್ಟರೂ ಬೆಕ್ಕು ಸಾಯಬಹುದು.

ಪಾದಕ್ಕೆ ಫಿನಾಯಿಲ್ ತಾಗಿದ್ದು ಕಂಡ ಕೂಡಲೇ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ನಾಲ್ಕೂ ಕಾಲು, ಹೊಟ್ಟೆ ತೊಳೆದು, ಒರೆಸಿ, ಬೆಚ್ಚಗೆ ಸುತ್ತಿ. ವಾಂತಿ ಮಾಡಿಸಬೇಡಿ, ಒಳಗೆ ಹೋಗುವಾಗ ಸುಟ್ಟದ್ದು ಹೊರಬರುವಾಗಲೂ ಸುಡುತ್ತೆ. ಫಿನಾಯಿಲ್ ಬಾಟಲಿಯನ್ನೇ ಹಿಡಿದುಕೊಂಡು ವೈದ್ಯರ ಬಳಿ ಹೋಗಿ. ಈ ಮನೆಯವರು ರಾತ್ರಿ ಕಾದು ನೋಡೋಣ ಅಂದುಕೊಂಡರು. ಹೋದದ್ದು ಅಲ್ಲೇ.

ನೆಲಕ್ಕೆ ಸಾಮಾನ್ಯವಾಗಿ ಸೋಪಿನ ನೀರು ಸಾಕು. ಮನೆಯಲ್ಲಿ ಮೊದಲು ಬೆಕ್ಕೊಂದು ವಾಂತಿಭೇದಿಯಿಂದ ಸತ್ತಿದ್ದರೆ ಮಾತ್ರ ಬ್ಲೀಚ್ ಬೇಕು. ಇಂಥ ವಾಂತಿಭೇದಿ ತರುವ ಬೆಕ್ಕಿನ ಪಾರ್ವೊ ವೈರಸ್ ಮನೆಯೊಳಗೆ ವರ್ಷದವರೆಗೂ ಉಳಿಯಬಲ್ಲದು. ಲೀಟರ್ ನೀರಿಗೆ 30 ಮಿಲಿ ಬ್ಲೀಚ್ ಬೆರೆಸಿ, ಹತ್ತು ನಿಮಿಷ ಒದ್ದೆಯಾಗಿ ಬಿಟ್ಟು, ಬರೀ ನೀರಲ್ಲಿ ಎರಡು ಸಲ ಒರೆಸಿ, ಪೂರ್ತಿ ಒಣಗಿದ ಮೇಲೆ ಮರಿಯನ್ನು ಬಿಡಿ. ಆಸಿಡ್ ಜೊತೆ ಮಾತ್ರ ಬೆರೆಸಬೇಡಿ.

ಮಂಡ್ಯ ಕಡೆ ಕಬ್ಬು ಕಡಿಯುವಾಗ ಗದ್ದೆಯಲ್ಲಿ ಸಿಕ್ಕ ಮರಿಯನ್ನು ಎತ್ತಿಕೊಂಡು ಬರುವವರೂ ಇದ್ದಾರೆ. ಅದು ಚಿರತೆ ಮರಿ ಇರಬಹುದು, ಕಾಡುಬೆಕ್ಕಿನದೂ ಇರಬಹುದು. ಮುಟ್ಟದೆ ದೂರ ಸರಿದು ಅರಣ್ಯ ಇಲಾಖೆಗೆ ತಿಳಿಸಿ, ತಾಯಿ ಹತ್ತಿರದಲ್ಲೇ ಇರುತ್ತೆ.

ಇದನ್ನು ಓದುವಾಗ ನಿಮ್ಮ ಮನೆಯಲ್ಲಿ ಮರಿಯೊಂದು ಫ್ರಿಜ್ ಹಿಂದೆ ಅಡಗಿದ್ದರೆ ಎಳೆಯಬೇಡಿ. ಟಿವಿ, ದೀಪ ಆರಿಸಿ, ಮಕ್ಕಳನ್ನು ಬೇರೆ ಕೋಣೆಗೆ ಕಳಿಸಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿಯನ್ನು ನುಣ್ಣಗೆ ಬಿಡಿಸಿ, ಉಗುರುಬೆಚ್ಚಗಿರುವಾಗಲೇ ಒಂದು ಮೊಳ ದೂರದಲ್ಲಿಟ್ಟು ನೆಲದ ಮೇಲೆ ಸುಮ್ಮನೆ ಕೂತಿರಿ. ಹೊರಬಂದಾಗ ಕತ್ತಿನ ಚರ್ಮ ಮೆಲ್ಲಗೆ ಎತ್ತಿ ಬಿಟ್ಟು ನೋಡಿ. ತಕ್ಷಣ ಕೂತರೆ ಸರಿ. ಗುಡಾರದಂತೆ ಎದ್ದೇ ನಿಂತರೆ ಬೆಳಗಾಗುವವರೆಗೆ ಕಾಯಬೇಡಿ, ಒಸಡಿಗೆ ಒಂದು ಹನಿ ಸಕ್ಕರೆ ಪಾಕ ಸವರಿ, ಬೆಚ್ಚಗೆ ಸುತ್ತಿಕೊಂಡು ಹೊರಡಿ.