ಪೋಸ್ಟ್‌ಗ್ರೆಸ್ ಹಾಕಲು ಮೂರು ದಾರಿ: ಉಬುಂಟು ಪ್ಯಾಕೇಜು, ಪಿಜಿಡಿಜಿ, ಡಾಕರ್

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶವನ್ನು ಉಬುಂಟು 24.04 ಲಿನಕ್ಸ್ ಸರ್ವರಿನಲ್ಲಿ ಮೂರೂ ದಾರಿಯಲ್ಲಿ ಓಡಿಸಿ ನೋಡಿದ ಮೇಲೆ ನನ್ನ ಓಟು ಪಿಜಿಡಿಜಿಗೆ. ಅದು ಪೋಸ್ಟ್‌ಗ್ರೆಸ್ ಯೋಜನೆಯವರೇ ನಡೆಸುವ ಆಪ್ಟ್ ರೆಪೊ, ಅಂದರೆ ಉಬುಂಟುವಿನ ಆಪ್ಟ್ ಆಜ್ಞೆ ಪ್ಯಾಕೇಜು ತರುವ ಭಂಡಾರ. ಉಬುಂಟು ತಾನೇ ಕೊಡುವ ಪ್ಯಾಕೇಜಿಗೆ ಎರಡನೇ ಸ್ಥಾನ, ಅದೇನೂ ತೀರಾ ಹಿಂದುಳಿದಿಲ್ಲ. ತಂತ್ರಾಂಶವನ್ನು ಅದಕ್ಕೆ ಬೇಕಾದುದರ ಸಮೇತ ಕಂಟೇನರ್ ಎಂಬ ಡಬ್ಬಿಯೊಳಗೆ ಓಡಿಸುವ ಡಾಕರ್ ಲ್ಯಾಪ್‌ಟಾಪಿಗೆ ಚೆನ್ನ. ಜನರ ಡೇಟಾ ವರ್ಷಗಟ್ಟಲೆ ಉಳಿಯಬೇಕಾದ ಸರ್ವರಿನಲ್ಲಿ ನಾನದನ್ನು ಬಳಸುವುದಿಲ್ಲ. ಇಲ್ಲಿ ವೇಗದ ಪ್ರಶ್ನೆಯೇ ಬರುವುದಿಲ್ಲ, ಮೂರರಲ್ಲೂ ಓಡುವುದು ಅದೇ ಪೋಸ್ಟ್‌ಗ್ರೆಸ್. ನನ್ನ ಆಯ್ಕೆಯನ್ನು ತೀರ್ಮಾನಿಸಿದ್ದು ಕೊಲೇಶನ್, ಅಂದರೆ ಪದಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂಬ ನಿಯಮ. ಕನ್ನಡದ ಹೆಸರು, ಊರು, ವಿಳಾಸ ತುಂಬಿದ ಡೇಟಾಬೇಸ್ ಇದ್ದರೆ ಈ ವಿಷಯವನ್ನು ಬದಿಗಿಡಲು ಆಗುವುದಿಲ್ಲ.

ಉಬುಂಟು ಪ್ಯಾಕೇಜಿನ ಲಾಭ ಸರಳ: ಒಂದೇ ಆಜ್ಞೆಯಲ್ಲಿ ಕೆಲಸ ಮುಗಿಯುತ್ತದೆ, ಭದ್ರತಾ ಅಪ್‌ಡೇಟುಗಳು ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಮೂಲಕ ತಾವಾಗಿಯೇ ಬರುತ್ತವೆ. ತೊಡಕು ಆವೃತ್ತಿಯದು. 22.04ರಲ್ಲಿ ಸಿಗುವುದು ಪೋಸ್ಟ್‌ಗ್ರೆಸ್ 14, 24.04ರಲ್ಲಿ 16, ಉಬುಂಟುವಿನ ಮೂಲವಾದ ಡೆಬಿಯನ್ ಲಿನಕ್ಸಿನ 12ರಲ್ಲಿ 15. ಬೇರೆ ಆವೃತ್ತಿ ಬೇಕೆಂದರೆ ಆಪರೇಟಿಂಗ್ ಸಿಸ್ಟಮ್ಮನ್ನೇ ಬದಲಿಸಬೇಕು. ಪೋಸ್ಟ್‌ಗ್ರೆಸ್‌ನವರು ಒಂದೊಂದು ಪ್ರಮುಖ ಆವೃತ್ತಿಯನ್ನು ಐದು ವರ್ಷ ನೋಡಿಕೊಳ್ಳುತ್ತಾರೆ, 14ರ ಅವಧಿ 2026ರ ನವೆಂಬರಿಗೆ ಮುಗಿಯುತ್ತದೆ.

ಈಗ ಕೊಲೇಶನ್ನಿನ ವಿಷಯ. ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಪದಗಳ ಕ್ರಮವನ್ನು ತಾನು ತೀರ್ಮಾನಿಸುವುದಿಲ್ಲ, ಲಿನಕ್ಸಿನ ಜಿಲಿಬ್‌ಸಿ ಲೈಬ್ರರಿಯನ್ನು ಕೇಳುತ್ತದೆ. ಪಠ್ಯದ ಕಾಲಮ್ಮಿನ ಮೇಲೆ ಕಟ್ಟಿದ ಬಿ-ಟ್ರೀ ಇಂಡೆಕ್ಸ್ (ಬೇಗ ಹುಡುಕಲು ಜೋಡಿಸಿಟ್ಟ ಸೂಚಿ) ಡಿಸ್ಕಿನಲ್ಲಿ ಅದೇ ಕ್ರಮದಲ್ಲಿ ಕೂತಿರುತ್ತದೆ. ನಾಳೆ ಲೈಬ್ರರಿ ಬದಲಾಗಿ ಕ್ರಮವೂ ಬದಲಾದರೆ ಇಂಡೆಕ್ಸ್ ಮಾತ್ರ ಹಳೆಯ ಕ್ರಮದಲ್ಲೇ ಉಳಿಯುತ್ತದೆ. ಒಂದು ಕ್ರಮದಲ್ಲಿ ಅಚ್ಚಾದ ನಿಘಂಟಿನಲ್ಲಿ ಇನ್ನೊಂದು ಕ್ರಮ ಹಿಡಿದು ಹುಡುಕಿದ ಹಾಗೆ: ಪದ ಇದೆ, ಆದರೆ ನೀವು ತೆರೆದ ಪುಟದಲ್ಲಿಲ್ಲ. ಟೇಬಲ್ಲಿನಲ್ಲಿ ಇರುವ ಸಾಲು ಕ್ವೆರಿಗೆ ಸಿಗುವುದಿಲ್ಲ. ಒಂದೇ ಮೌಲ್ಯ ಎರಡು ಸಲ ಬರದಂತೆ ತಡೆಯುವ ಯುನೀಕ್ ಇಂಡೆಕ್ಸ್ ಇದ್ದರೂ ಅದೇ ಹೆಸರು ಎರಡು ಸಲ ಒಳಗೆ ಹೋಗುತ್ತದೆ. ಎರರ್ ಬರುವುದಿಲ್ಲ, ಸರ್ವರ್ ನಿಲ್ಲುವುದಿಲ್ಲ. 2018ರ ಜಿಲಿಬ್‌ಸಿ 2.28ರಲ್ಲಿ ಈ ಕ್ರಮ ದೊಡ್ಡ ಮಟ್ಟದಲ್ಲಿ ಬದಲಾಗಿತ್ತು.

ಆಪ್ಟ್ ಮೂಲಕ ಹಾಕಿದ ಸರ್ವರಿನಲ್ಲಿ ಜಿಲಿಬ್‌ಸಿ ಆವೃತ್ತಿ ಬದಲಾಗುವುದು ಆಪರೇಟಿಂಗ್ ಸಿಸ್ಟಮ್ ಬದಲಿಸಿದಾಗ ಮಾತ್ರ. ಆ ದಿನ ಹೇಗೂ ಬ್ಯಾಕಪ್ ತೆಗೆದುಕೊಂಡು ಎಚ್ಚರದಲ್ಲೇ ಇರುತ್ತೇವೆ. ಡಾಕರಿನಲ್ಲಿ ಹಾಗಲ್ಲ. ಅಧಿಕೃತ ಇಮೇಜಿನ (ಕಂಟೇನರ್ ಏಳುವ ಸಿದ್ಧ ಅಚ್ಚು) 17 ಎಂಬ ಟ್ಯಾಗ್ ಪೋಸ್ಟ್‌ಗ್ರೆಸ್ ಆವೃತ್ತಿಯನ್ನಷ್ಟೇ ಹಿಡಿದಿಡುತ್ತದೆ, ಕೆಳಗಿನ ಡೆಬಿಯನ್ನನ್ನು ಹಿಡಿದಿಡುವುದಿಲ್ಲ. 2025ರ ಆಗಸ್ಟಿನಲ್ಲಿ ಡೆಬಿಯನ್ 13 ಬಂದ ಮೇಲೆ ಅದೇ ಟ್ಯಾಗ್ ಬುಕ್‌ವರ್ಮ್‌ನಿಂದ (ಡೆಬಿಯನ್ 12) ಟ್ರಿಕ್ಸಿಗೆ (ಡೆಬಿಯನ್ 13) ದಾಟಿತು, ಜಿಲಿಬ್‌ಸಿ 2.36ರಿಂದ 2.41ಕ್ಕೆ ಹೋಯಿತು. ಮಾಡಿದ್ದು ಇಮೇಜನ್ನು ಮತ್ತೆ ಇಳಿಸಿಕೊಳ್ಳುವ ಮಾಮೂಲಿ ಡಾಕರ್ ಪುಲ್ ಒಂದೇ. ಲಾಗಿನಲ್ಲಿ ಕೊಲೇಶನ್ ವರ್ಷನ್ ಮಿಸ್‌ಮ್ಯಾಚ್ ಎಂಬ ವಾರ್ನಿಂಗ್ ಬರುತ್ತದೆ, ಆದರೆ ಆ್ಯಪ್ ನಡೆಯುತ್ತಿರುವಾಗ ಕಂಟೇನರಿನ ಲಾಗ್ ತೆರೆದು ನೋಡುವವರು ಕಡಿಮೆ.

ಇದಕ್ಕೆ ಮದ್ದಿದೆ, ಅದನ್ನು ಕ್ರಮ ತಪ್ಪದೆ ಕೊಡಬೇಕು. ಮೊದಲು ರೀಇಂಡೆಕ್ಸ್ ಡೇಟಾಬೇಸ್, ಆಮೇಲೆ ಆಲ್ಟರ್ ಡೇಟಾಬೇಸ್ ಜೊತೆ ರಿಫ್ರೆಶ್ ಕೊಲೇಶನ್ ವರ್ಷನ್. ಎರಡನೆಯದನ್ನಷ್ಟೇ ಓಡಿಸಿದರೆ ವಾರ್ನಿಂಗ್ ಮಾಯವಾಗುತ್ತದೆ, ಕೆಟ್ಟ ಇಂಡೆಕ್ಸ್ ಹಾಗೇ ಇರುತ್ತದೆ. ಅಂತರ್ಜಾಲದಲ್ಲಿ ಸಿಗುವ ಎಷ್ಟೋ ಉತ್ತರಗಳು ಈ ಎರಡನೇ ಸಾಲನ್ನು ಮಾತ್ರ ಕೊಡುತ್ತವೆ. ಅಷ್ಟರಲ್ಲೇ ಡೂಪ್ಲಿಕೇಟ್ ಸೇರಿಕೊಂಡಿದ್ದರೆ ರೀಇಂಡೆಕ್ಸ್ ಅಲ್ಲೇ ನಿಲ್ಲುತ್ತದೆ, ಆ ಸಾಲುಗಳನ್ನು ಕೈಯಾರೆ ತೆಗೆದು ಮತ್ತೆ ಓಡಿಸಬೇಕು.

ಆಲ್ಪೈನ್ ಎಂಬ ಪುಟ್ಟ ಲಿನಕ್ಸಿನ ಮೇಲೆ ಕಟ್ಟಿದ ಇಮೇಜ್ ಚಿಕ್ಕದು ಎಂದು ಆರಿಸಿಕೊಳ್ಳುವವರಿಗೆ ಇನ್ನೊಂದು ಮಾತು. ಅದರಲ್ಲಿರುವುದು ಜಿಲಿಬ್‌ಸಿ ಅಲ್ಲ, ಮಸಲ್ ಎಂಬ ಬೇರೆ ಲೈಬ್ರರಿ. ಲೊಕೇಲ್ (ಭಾಷೆ, ಪ್ರದೇಶದ ಸೆಟ್ಟಿಂಗ್) ಹೆಸರು ಏನೇ ಇರಲಿ, ಅದು ಜೋಡಿಸುವುದು ಬರೀ ಬೈಟ್ ಕ್ರಮದಲ್ಲಿ. ಯೂನಿಕೋಡಿನಲ್ಲಿ ‘ಳ’ ಕೂತಿರುವುದು ‘ಲ’ ಮತ್ತು ‘ವ’ ನಡುವೆ, ನಮ್ಮ ವರ್ಣಮಾಲೆಯಲ್ಲಿ ‘ಹ’ ಆದ ಮೇಲೆ. ಹಾಗಾಗಿ ಊರುಗಳ ಪಟ್ಟಿಯಲ್ಲಿ ಬಳ್ಳಾರಿ ಮೊದಲು, ಬಸವಕಲ್ಯಾಣ ಆಮೇಲೆ ಬರುತ್ತದೆ. ನಿಘಂಟಿನ ಕ್ರಮದಲ್ಲಿ ಇದು ತಿರುಗುಮುರುಗು. ಅದೇ ಡೇಟಾ ಫೋಲ್ಡರನ್ನು ಮುಂದೆ ಡೆಬಿಯನ್ ಇಮೇಜಿಗೆ ಜೋಡಿಸಿದರೆ ಇಂಡೆಕ್ಸ್ ಕೆಡುತ್ತದೆ. ಮಸಲ್‌ನಲ್ಲಿ ಕೊಲೇಶನ್ ಆವೃತ್ತಿ ದಾಖಲಾಗುವುದೇ ಇಲ್ಲವಾದ್ದರಿಂದ ವಾರ್ನಿಂಗೂ ಬರುವುದಿಲ್ಲ.

ಪಿಜಿಡಿಜಿ ಗೆಲ್ಲುವುದು ಇಲ್ಲಿ. ಪೋಸ್ಟ್‌ಗ್ರೆಸ್ 17ರಿಂದ ಬಿಲ್ಟಿನ್ ಎಂಬ ಲೊಕೇಲ್ ಪ್ರೊವೈಡರ್ ಇದೆ: ಕ್ರಮದ ನಿಯಮ ಪೋಸ್ಟ್‌ಗ್ರೆಸ್ ಒಳಗೇ ಇರುತ್ತದೆ, ಜಿಲಿಬ್‌ಸಿ ಬದಲಾದರೂ ಇಂಡೆಕ್ಸಿಗೆ ಏನೂ ಆಗುವುದಿಲ್ಲ. ಉಬುಂಟು 24.04ರ 16ರಲ್ಲಿ ಇದು ಇಲ್ಲ, ಪಿಜಿಡಿಜಿ ಅದೇ 24.04ಕ್ಕೆ 17ನ್ನು ಕೊಡುತ್ತದೆ.

ಹಾಕುವ ಕ್ರಮ ಹೀಗಿದೆ. ಮೊದಲು ಪೋಸ್ಟ್‌ಗ್ರೆಸ್‌ಕ್ಯೂಎಲ್-ಕಾಮನ್ ಪ್ಯಾಕೇಜ್ ಮಾತ್ರ ಹಾಕಿ. ಅದರ ಜೊತೆ ಬರುವ ಪಿಜಿಡಿಜಿ ಸ್ಕ್ರಿಪ್ಟ್ ಓಡಿಸಿದರೆ ರೆಪೊ ಮತ್ತು ಅದರ ಕೀ ಎರಡೂ ಸೇರಿಕೊಳ್ಳುತ್ತವೆ. ಸರ್ವರ್ ಹಾಕುವ ಮೊದಲು ಕ್ರಿಯೇಟ್‌ಕ್ಲಸ್ಟರ್ ಡಾಟ್ ಕಾನ್ಫ್ ಕಡತದಲ್ಲಿ ಕ್ರಿಯೇಟ್_ಮೇನ್_ಕ್ಲಸ್ಟರ್ ಎಂಬುದನ್ನು ಫಾಲ್ಸ್ ಮಾಡಿ. ಇಲ್ಲವಾದರೆ ಪ್ಯಾಕೇಜ್ ಒಳಬಂದ ಕೂಡಲೇ ಆ ಹೊತ್ತಿಗಿರುವ ಲೊಕೇಲಿನಲ್ಲೇ ಮೊದಲ ಕ್ಲಸ್ಟರ್ (ಒಂದೇ ಸರ್ವರ್ ನಡೆಸುವ ಡೇಟಾಬೇಸುಗಳ ಗುಂಪು) ಎದ್ದುಬಿಡುತ್ತದೆ. ಲೊಕೇಲ್ ಬರೀ ‘ಸಿ’ ಎಂದಿದ್ದರೆ ಎನ್‌ಕೋಡಿಂಗ್ ಎಸ್‌ಕ್ಯೂಎಲ್ ಆಸ್ಕಿ ಆಗುತ್ತದೆ. ಆಗ ‘ಕನ್ನಡ’ ಎಂಬ ಪದದ ಉದ್ದ ಕೇಳಿದರೆ 5ರ ಬದಲು 15 ಬರುತ್ತದೆ, ಏಕೆಂದರೆ ಅದು ಎಣಿಸುವುದು ಬೈಟುಗಳನ್ನು. ಆಮೇಲೆ ಪೋಸ್ಟ್‌ಗ್ರೆಸ್‌ಕ್ಯೂಎಲ್-17 ಹಾಕಿ, ಪಿಜಿ_ಕ್ರಿಯೇಟ್‌ಕ್ಲಸ್ಟರ್ ಆಜ್ಞೆಗೆ ಎನ್‌ಕೋಡಿಂಗ್ ಯುಟಿಎಫ್8 ಎಂದು ಹೇಳಿ, ಎರಡು ಅಡ್ಡಗೆರೆಯ ನಂತರ ಲೊಕೇಲ್-ಪ್ರೊವೈಡರ್ ಬಿಲ್ಟಿನ್, ಬಿಲ್ಟಿನ್-ಲೊಕೇಲ್ ಸಿ.ಯುಟಿಎಫ್-8 ಎಂದು ಕೊಡಿ. ಅಡ್ಡಗೆರೆಯ ಆಚೆಗಿನದೆಲ್ಲ ನೇರವಾಗಿ ಕ್ಲಸ್ಟರನ್ನು ಕಟ್ಟುವ ಇನಿಟ್‌ಡಿಬಿಗೆ ಹೋಗುತ್ತದೆ.

ಬಿಲ್ಟಿನ್ ಕ್ರಮವೂ ಯೂನಿಕೋಡ್ ಸಂಖ್ಯೆಯದೇ, ಅಲ್ಲೂ ಬಳ್ಳಾರಿಯೇ ಮೊದಲು. ಆದ್ದರಿಂದ ಪಟ್ಟಿ ತೋರಿಸುವ ಕ್ವೆರಿಯ ಆರ್ಡರ್ ಬೈ ಜೊತೆ ಕೊಲೇಟ್ ಎಂದು ಬರೆದು, ಕೆಎನ್-ಎಕ್ಸ್-ಐಸಿಯು (ಐಸಿಯು ಎಂಬ ಯೂನಿಕೋಡ್ ಲೈಬ್ರರಿಯ ಕನ್ನಡ ಕ್ರಮ) ಎಂಬ ಹೆಸರನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಕೊಡುತ್ತೇನೆ. ಜನರಿಗೆ ಕಾಣುವುದು ವರ್ಣಮಾಲೆಯ ಕ್ರಮ, ಡಿಸ್ಕಿನಲ್ಲಿ ಕೂರುವುದು ಎಂದೂ ಬದಲಾಗದ ಕ್ರಮ. ಐಸಿಯು ಕೊಲೇಶನ್ನಿನ ಮೇಲೆ ಇಂಡೆಕ್ಸ್ ಕಟ್ಟಲು ಹೋಗಬೇಡಿ, ಐಸಿಯು ಲೈಬ್ರರಿಗೂ ಆವೃತ್ತಿಗಳಿವೆ.

ಡಾಕರಿನಲ್ಲೂ ಇನಿಟ್‌ಡಿಬಿಗೆ ಇದೇ ಆಯ್ಕೆಗಳನ್ನು ಎನ್ವಿರಾನ್ಮೆಂಟ್ ವೇರಿಯಬಲ್ ಮೂಲಕ ಕೊಡಬಹುದು, ನಿಜ. ಆದರೆ ಅಲ್ಲಿ ಉಳಿದ ರಗಳೆಗಳಿವೆ. ಪೋರ್ಟ್ 5432ನ್ನು ಹಾಗೇ ಪಬ್ಲಿಶ್ ಮಾಡಿದರೆ ಡಾಕರ್ ತನ್ನದೇ ಐಪಿಟೇಬಲ್ಸ್ (ಲಿನಕ್ಸಿನ ಜಾಲ ಸೋಸುವ) ನಿಯಮ ಬರೆಯುತ್ತದೆ, ಉಬುಂಟುವಿನ ಫೈರ್‌ವಾಲ್ ಯುಎಫ್‌ಡಬ್ಲ್ಯು ಮುಚ್ಚಿದ್ದರೂ ಪೋರ್ಟ್ ಹೊರಗೆ ತೆರೆದಿರುತ್ತದೆ, ಪೋರ್ಟ್ ಸಂಖ್ಯೆಗೆ ಮೊದಲು 127.0.0.1 ಸೇರಿಸಲೇಬೇಕು. ಶೇರ್ಡ್ ಮೆಮೊರಿ ಡೀಫಾಲ್ಟಾಗಿ 64 ಎಂಬಿ, ದೊಡ್ಡ ಪ್ಯಾರಲಲ್ ಕ್ವೆರಿ ‘ಜಾಗ ಇಲ್ಲ’ ಎಂದು ಬೀಳುತ್ತದೆ, ಡಿಸ್ಕ್ ಖಾಲಿ ಇದ್ದರೂ. ಇಮೇಜ್ 18ರಿಂದ ವಾಲ್ಯೂಮನ್ನು ಡೇಟಾ ಉಪಫೋಲ್ಡರಿಗಲ್ಲ, ಅದರ ಮೇಲಿನ ಫೋಲ್ಡರಿಗೆ ಜೋಡಿಸಬೇಕು.

ಪಿಜಿಡಿಜಿಯಲ್ಲೂ ಕೊರತೆ ಇಲ್ಲದಿಲ್ಲ. ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಈ ರೆಪೊವನ್ನು ತಾನಾಗಿ ಮುಟ್ಟುವುದಿಲ್ಲ, ಅದರ ಒರಿಜಿನ್ ಹೆಸರನ್ನು ನೀವೇ ಸೇರಿಸಬೇಕು. ಪ್ಯಾಕೇಜ್ ಹೆಸರಿನಲ್ಲಿ ಸಂಖ್ಯೆ ಬಿಟ್ಟರೆ ಮುಂದಿನ ಅಪ್‌ಗ್ರೇಡಿನಲ್ಲಿ ಹೊಸ ಪ್ರಮುಖ ಆವೃತ್ತಿ ಬರುತ್ತದೆ, ಕ್ರಿಯೇಟ್_ಮೇನ್_ಕ್ಲಸ್ಟರ್ ಫಾಲ್ಸ್ ಮಾಡಿರದಿದ್ದರೆ ಪೋರ್ಟ್ 5433ರಲ್ಲಿ ಖಾಲಿ ಕ್ಲಸ್ಟರ್ ಒಂದು ಎದ್ದು ಕೂರುತ್ತದೆ. ಪಿಜಿ_ಎಲ್‌ಎಸ್‌ಕ್ಲಸ್ಟರ್ಸ್ ಓಡಿಸಿದರೆ ಕಾಣುತ್ತದೆ.

ನನ್ನ ಬಜೆಟ್ಟು 2 ಜಿಬಿ ರ‍್ಯಾಮಿನ ಬಾಡಿಗೆ ವಿಪಿಎಸ್ (ವರ್ಚುವಲ್ ಸರ್ವರ್). ಬ್ಯಾಕಪ್, ಅಪ್‌ಗ್ರೇಡ್ ಎಲ್ಲ ಟರ್ಮಿನಲ್ಲಿನಲ್ಲೇ ಮಾಡುವ ಅಭ್ಯಾಸ. ಈ ಲೆಕ್ಕದಲ್ಲಿ ಪಿಜಿಡಿಜಿಯೇ ಸರಿ. ಸರ್ವರಿನತ್ತ ತಿಂಗಳಿಗೊಮ್ಮೆಯೂ ಇಣುಕದವರಾದರೆ ಉಬುಂಟು ಪ್ಯಾಕೇಜೇ ಕ್ಷೇಮ. ತಂಡದಲ್ಲಿ ಎಲ್ಲವೂ ಡಾಕರಿನ ಕಂಪೋಸ್ ಕಡತದಲ್ಲೇ (ಕಂಟೇನರುಗಳ ಪಟ್ಟಿ) ನಡೆಯುವುದಾದರೆ ಡಾಕರ್ ಇರಲಿ, ಆದರೆ ಟ್ಯಾಗ್ ಬರೀ 17 ಎಂದಲ್ಲ, 17-ಬುಕ್‌ವರ್ಮ್ ಎಂದು ಬರೆಯಿರಿ.