ಆರು ವರ್ಷದ ಮಲ್ಟಿಮೀಟರ್: ಬೀಪ್ ನಂಬಿ ಕೆಟ್ಟೆ, ವೋಲ್ಟ್ ನೋಡಿ ಬಚಾವಾದೆ

ವೋಲ್ಟ್, ಕರೆಂಟ್, ತಡೆ (ಓಮ್) ಅಳೆಯುವ ಈ ಮೀಟರ್ ಕೊಂಡು ಆರು ವರ್ಷವಾಯಿತು. ತೀರಾ ಅಗ್ಗದ್ದಲ್ಲ, ದುಬಾರಿಯದೂ ಅಲ್ಲ. ಆಟೋ ರೇಂಜ್ (ಅಳತೆಯ ಮಿತಿಯನ್ನು ತಾನೇ ಆರಿಸಿಕೊಳ್ಳುತ್ತದೆ), ಕರೆಂಟ್ ಅಳೆಯಲು 10 ಆಂಪಿಯರ್ ಸಾಕೆಟ್, ವೈರ್ ತುಂಡಾಗಿಲ್ಲದಿದ್ದರೆ ಬೀಪ್ ಹೊಡೆಯುವ ಕಂಟಿನ್ಯುಟಿ, ಅತಿ ಕಡಿಮೆ-ಅತಿ ಹೆಚ್ಚು ಅಂಕಿ ಹಿಡಿದಿಡುವ ಮಿನ್-ಮ್ಯಾಕ್ಸ್ ಬಟನ್, ಒಳಗೆ 9 ವೋಲ್ಟ್ ಬ್ಯಾಟರಿ. ನನ್ನ ಹಳೇ ಫ್ಯೂಯಲ್ ಇಂಜೆಕ್ಷನ್ ಬೈಕಿನ ವೈರಿಂಗ್ ಜೊತೆ ಗುದ್ದಾಡುವುದೇ ಇದರ ಮುಖ್ಯ ಕೆಲಸ.

ಕೊಂಡಿದ್ದಕ್ಕೆ ಕಾರಣ ಹೇಳುತ್ತೇನೆ. ಬೈಕ್ ಬಿಸಿಯಾದ ಮೇಲೆ ಓಡುತ್ತಾ ಓಡುತ್ತಾ ಸುಮ್ನೆ ಆಫ್ ಆಗುತ್ತಿತ್ತು. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲ ಎನ್ನುವ ಹಾಗೆ ಸ್ಟಾರ್ಟ್. ಮೆಕ್ಯಾನಿಕ್ ಇಂಜಿನ್ನಿಗೆ ಪೆಟ್ರೋಲ್ ತಳ್ಳುವ ಕರೆಂಟ್ ಪಂಪ್ ಹೋಗಿದೆ ಎಂದರು, ಬದಲಿಸಿದರು. ಒಂದು ವಾರ ಚೆನ್ನಾಗಿತ್ತು, ಆಮೇಲೆ ಅದೇ ರಾಗ.

ಆಗ ಈ ಮೀಟರ್ ಬಂತು. ಪಂಪಿನ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಬಿಚ್ಚಿ ಒಂದೊಂದೇ ವೈರಿಗೆ ಪ್ರೋಬ್, ಅಂದರೆ ಮೀಟರಿನ ಮೊನೆ ಕಡ್ಡಿ, ಹಿಡಿದೆ. ಎಲ್ಲ ಕಡೆ ಬೀಪ್. ವೈರಿಂಗ್ ಸರಿಯಿದೆ ಎಂದು ತೀರ್ಮಾನಿಸಿ ಎರಡು ತಿಂಗಳು ರಿಲೇ, ಮೇನ್ ಸ್ವಿಚ್ ಅಂತ ಬೇರೆ ಕಡೆ ಹುಡುಕಿದೆ. ಈ ತಪ್ಪು ನನ್ನದು, ಮೀಟರಿನದಲ್ಲ. ಬೀಪ್ ಪರೀಕ್ಷೆಗೆ ಮೀಟರ್ ಹರಿಸುವ ಕರೆಂಟ್ ತೀರಾ ಚೂರು. ವೈರಿನ ಎಲ್ಲ ಎಳೆ ತುಂಡಾಗಿ ಒಂದೇ ಒಂದು ಉಳಿದಿದ್ದರೂ ಅದಕ್ಕೆ ಸಾಕು, ಖುಷಿಯಾಗಿ ಕೂಗುತ್ತದೆ. ನನ್ನ ಪಂಪ್ ಎಳೆಯುವುದು ಸುಮಾರು 3 ಆಂಪಿಯರ್. ಅಷ್ಟು ಕರೆಂಟ್ ಹರಿಯುವಾಗ ದಾರಿಯಲ್ಲಿ 1 ಓಮ್ ತಡೆ ಇದ್ದರೆ 3 ವೋಲ್ಟ್ ಅಲ್ಲೇ ಖಲಾಸ್.

ಕೊನೆಗೆ ಕಪ್ಲರ್ ಹಾಕಿಯೇ ಇಟ್ಟು, ಪಂಪ್ ಓಡುವಾಗ ಅಳೆದೆ. ಕಪ್ಲರ್ ಹಿಂಭಾಗದಿಂದ, ವೈರ್ ಪಕ್ಕದಲ್ಲಿ ಸಣ್ಣ ಪಿನ್ ತೂರಿಸಿ ಅದಕ್ಕೆ ಪ್ರೋಬ್ ಮುಟ್ಟಿಸಬೇಕು. ವೈರಿನ ಮೇಲಿನ ಪ್ಲಾಸ್ಟಿಕ್ ಚುಚ್ಚಬೇಡಿ, ಆ ತೂತಿನಲ್ಲಿ ನೀರು ಇಳಿದು ಮುಂದಿನ ಮಳೆಗೆ ಹೊಸ ಫಾಲ್ಟ್ ತಯಾರಾಗುತ್ತದೆ. ಬ್ಯಾಟರಿಯಲ್ಲಿ 12.4, ಪಂಪಿನ ಹತ್ತಿರ ಬರೀ 9.6! ಮಧ್ಯೆ 2.8 ವೋಲ್ಟ್ ಮಾಯ. ಬ್ಯಾಟರಿ ಪ್ಲಸ್‌ನಿಂದ ಪಂಪಿನ ಪ್ಲಸ್‌ಗೆ ಹಿಡಿದರೆ 0.3 ವೋಲ್ಟ್ ನಷ್ಟ. ಇರಲಿ, ಹಳೇ ಬೈಕ್. ಪಂಪಿನ ಮೈನಸ್‌ನಿಂದ ಬ್ಯಾಟರಿ ಮೈನಸ್‌ಗೆ ಹಿಡಿದೆ. 2.5. ಕಳ್ಳ ಅರ್ಥಿಂಗ್ ಕಡೆ ಕೂತಿದ್ದ.

ಟ್ಯಾಂಕ್ ಇಳಿಸಿ ಆ ವೈರ್ ಹಿಡಿದುಕೊಂಡು ಹೋದೆ. ಫ್ರೇಮಿನ ಮಗ್ಗುಲಲ್ಲಿ ನಾಲ್ಕೈದು ಅರ್ಥ್ ವೈರುಗಳನ್ನು ಒಂದೇ ಕ್ಲಿಪ್ಪಿಗೆ ಒತ್ತಿ, ಟೇಪ್ ಸುತ್ತಿದ್ದರು. ಟೇಪ್ ಬಿಚ್ಚಿದರೆ ಅಂಟಂಟು, ಅದರೊಳಗೆ ಹಸಿರು ಕಿಲುಬು. ಒಂದು ವೈರನ್ನು ಮೆಲ್ಲಗೆ ಎಳೆದೆ, ಕೈಗೇ ಬಂತು. ತುದಿಯ ತಾಮ್ರ ಕಪ್ಪಗಾಗಿ ಪುಡಿಪುಡಿ. ಆ ಭಾಗ ಕತ್ತರಿಸಿ, ಹೊಸ ವೈರ್ ಬೆಸುಗೆ ಹಾಕಿ, ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಶ್ರಿಂಕ್ ಟ್ಯೂಬ್ ಏರಿಸಿದೆ. ಮತ್ತೆ ಅಳೆದರೆ 0.08. ಆಮೇಲೆ ಬೈಕ್ ದಾರಿಯಲ್ಲಿ ನಿಂತಿಲ್ಲ. ಬಿಚ್ಚಿಟ್ಟ ಹಳೇ ಪಂಪ್ ಬಹುಶಃ ಚೆನ್ನಾಗೇ ಇತ್ತು, ಅಲ್ವಾ? ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇಲ್ಲೇ ಮೀಟರಿನ ಮೊದಲ ದೋಷವೂ ಗೊತ್ತಾಯಿತು. ಕೀ ಆನ್ ಮಾಡಿದಾಗ ಪಂಪ್ ಓಡುವುದು ಎರಡು ಮೂರು ಸೆಕೆಂಡ್. ಇದರ ಆಟೋ ರೇಂಜ್ ಯೋಚನೆ ಮುಗಿಸುವಷ್ಟರಲ್ಲಿ ಪಂಪ್ ನಿಂತಿರುತ್ತದೆ. ರೇಂಜ್ ಬಟನ್ ಒತ್ತಿ ಕೈಯಾರೆ ಲಾಕ್ ಮಾಡಿ, ಮಿನ್-ಮ್ಯಾಕ್ಸ್ ಹಾಕಿದ ಮೇಲಷ್ಟೇ ಸರಿಯಾದ ಅಂಕಿ ಸಿಕ್ಕಿತು.

ಥ್ರಾಟಲ್ (ಆಕ್ಸಿಲರೇಟರ್) ಎಷ್ಟು ತೆರೆದಿದೆ ಎಂದು ಹೇಳುವ ಸೆನ್ಸರ್ ನೋಡುವಾಗಲೂ ಇದೇ ಗೋಳು. 5 ವೋಲ್ಟ್ ಸಪ್ಲೈ ಇದೆಯಾ ಇಲ್ಲವಾ ಎಂದು ಥಟ್ಟನೆ ಹೇಳುತ್ತದೆ. ಆದರೆ ಥ್ರಾಟಲ್ ನಿಧಾನ ತಿರುಗಿಸುವಾಗ ಮಧ್ಯೆ ಎಲ್ಲೋ ಸಿಗ್ನಲ್ ಕ್ಷಣಕಾಲ ತಪ್ಪಿದರೆ ಇದರ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಹಳೇ ಮುಳ್ಳಿನ ಮೀಟರೇ ವಾಸಿ. ಇಂಜಿನ್ ಟೆಂಪರೇಚರ್ ಸೆನ್ಸರಿಗೆ ಇದು ಬೇಕಾದಷ್ಟಾಯಿತು: ತಣ್ಣಗಿದ್ದಾಗ ಸಾವಿರಗಟ್ಟಲೆ ಓಮ್, ಬಿಸಿಯಾದಂತೆ ಕೆಲವು ನೂರಕ್ಕೆ ಇಳಿಯಬೇಕು. ಚಾರ್ಜಿಂಗ್ ನೋಡುವುದಂತೂ ಅರ್ಧ ನಿಮಿಷದ ಕೆಲಸ. ಇಂಜಿನ್ ಆಫ್ ಇದ್ದಾಗ 12.6, ರೇಸ್ ಮಾಡಿದಾಗ 14ರ ಆಸುಪಾಸು.

ಇಸಿಯುಗೆ (ಇಂಜಿನ್ ನಡೆಸುವ ಕಂಪ್ಯೂಟರ್) ಹೋಗುವ ಸೆನ್ಸರ್ ವೈರುಗಳಿಗೆ ಬಲ್ಬಿನ ಟೆಸ್ಟರ್ ಹಚ್ಚುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಬಲ್ಬ್ ಎಳೆಯುವ ಕರೆಂಟನ್ನು ಆ ಸರ್ಕ್ಯೂಟ್ ತಡೆಯುವುದಿಲ್ಲ. ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಇಲ್ಲ, ಅದಕ್ಕೇ ಅಲ್ಲಿ ಮೀಟರ್.

ಎರಡನೇ ದೋಷ ಪ್ರೋಬಿನ ವೈರ್. ನಾಲ್ಕನೇ ವರ್ಷ, ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಇಗ್ನಿಷನ್ ಕಟ್ ಆಗುತ್ತಿತ್ತು. ಹ್ಯಾಂಡಲ್ ಕೆಳಗೆ ಮಡಚಿ ಮಡಚಿ ವೈರ್ ತುಂಡಾಗುವುದು ಹಳೇ ಬೈಕುಗಳ ಮಾಮೂಲಿ ರೋಗ. ವೈರ್ ಕಟ್ಟು ಅಲ್ಲಾಡಿಸಿದಾಗ ರೀಡಿಂಗ್ ಬಂದು ಹೋಗಿ ಆಗುತ್ತಿತ್ತು. ಅರ್ಧ ದಿನ ಟೇಪ್ ಬಿಚ್ಚಿದೆ. ಏನೂ ಇಲ್ಲ. ಆಮೇಲೆ ನೋಡಿದರೆ ತುಂಡಾಗಿದ್ದು ಮೀಟರಿನದೇ ಕೆಂಪು ಪ್ರೋಬ್, ಹಿಡಿಯ ಬುಡದಲ್ಲಿ! ಬೈಕಿನ ಫಾಲ್ಟ್ ಒಂದು ಗೇಣು ಆಚೆ ಬೇರೆ ಇತ್ತು. ಅಂದಿನಿಂದ ಕೆಲಸ ಶುರು ಮಾಡುವ ಮುಂಚೆ ಎರಡೂ ಪ್ರೋಬ್ ಒಂದಕ್ಕೊಂದು ಮುಟ್ಟಿಸಿ, ಸ್ವಲ್ಪ ಜಗ್ಗಿ ನೋಡುತ್ತೇನೆ. 0.2, 0.3 ಓಮ್ ಬಂದರೆ ಮುಂದೆ.

ಒಮ್ಮೆ ಪ್ರೋಬ್ 10 ಆಂಪಿಯರ್ ಸಾಕೆಟ್‌ನಲ್ಲೇ ಮರೆತು ಬ್ಯಾಟರಿಗೆ ಹಿಡಿದು ಫ್ಯೂಸ್ ಸುಟ್ಟಿದ್ದೂ ಉಂಟು. ಫ್ಯೂಸ್ ಇಲ್ಲದ ಮೀಟರ್ ಆಗಿದ್ದರೆ ಕಥೆ ಬೇರೆಯೇ ಆಗುತ್ತಿತ್ತು, ಕೊಳ್ಳುವಾಗ ಇದೊಂದನ್ನು ವಿಚಾರಿಸಿ. 9 ವೋಲ್ಟ್ ಬ್ಯಾಟರಿ ಎರಡು ಸಲ ಬದಲಿಸಿದ್ದೇನೆ. ಹಿಂದಿನ ಸ್ಟ್ಯಾಂಡ್ ಮುರಿದಿದೆ, ಹ್ಯಾಂಡಲ್‌ಗೆ ರಬ್ಬರ್ ಬ್ಯಾಂಡ್ ಹಾಕಿ ತೂಗುಬಿಡುತ್ತೇನೆ.

5ಕ್ಕೆ 4. ಒಂದು ಕಳೆದಿದ್ದು ಆ ಕೆಂಪು ವೈರಿಗೆ.