‘ಎಲ್ಲಾ ಒಂದ್ರಾಗ ಇರ್ತಾವ್ರೀ’ ಎಂಬ ಮಾತನ್ನು ನಂಬಿ ಮೀನು ತರಬೇಡಿ

ವಿಜಯಪುರದಲ್ಲಿ ಮನೆಗೆ ಅಕ್ವೇರಿಯಂ ತರಬೇಕೆಂದಿರುವವರು, ಅದರಲ್ಲೂ ಒಂದೇ ತೊಟ್ಟಿಯಲ್ಲಿ ಬೇರೆ ಬೇರೆ ಜಾತಿಯ ಮೀನುಗಳನ್ನು ಸಾಕಬೇಕೆಂದಿರುವವರು, ದಯವಿಟ್ಟು ಇದನ್ನು ಓದಿ ಆಮೇಲೆ ಅಂಗಡಿಗೆ ಹೋಗಿ. ಫೆಬ್ರುವರಿ ಕೊನೆಯಲ್ಲಿ ನಮ್ಮ ತೊಟ್ಟಿಯಲ್ಲಿದ್ದ 20 ಮೀನುಗಳಲ್ಲಿ 15 ಮೀನುಗಳು ಏಪ್ರಿಲ್ ನಡುವಿನ ಹೊತ್ತಿಗೆ ಇಲ್ಲವಾದವು. ಹೊರಗಿನಿಂದ ಬಂದ ಯಾವ ರೋಗವೂ ಅವುಗಳನ್ನು ಕೊಲ್ಲಲಿಲ್ಲ. ಕೂಡಿ ಬಾಳದ ಮೀನುಗಳನ್ನು ಕೂಡಿಹಾಕಿದ್ದು ಮತ್ತು ನಾನು ಹಾಕಿದ ಆಹಾರ, ಇವೆರಡೇ ಕಾರಣ.

ನಮ್ಮದು ಮೂರು ಅಡಿ ಉದ್ದದ ತೊಟ್ಟಿ. ತಳಕ್ಕೆ ಕಲ್ಲು ಹಾಸಿದ ಮೇಲೆ ಸುಮಾರು 90 ಲೀಟರ್ ನೀರು ಹಿಡಿಯುತ್ತದೆ. ಡಿಸೆಂಬರ್‌ನಿಂದ ಅದರಲ್ಲಿ ಎರಡು ಗೋಲ್ಡ್‌ಫಿಶ್ ಆರೋಗ್ಯವಾಗಿಯೇ ಇದ್ದವು. ತೊಟ್ಟಿ ಖಾಲಿ ಖಾಲಿ ಕಾಣುತ್ತದೆ ಎಂದು ಮಗಳು ಹಟ ಹಿಡಿದಾಗ ಇಬ್ಬರೂ ಅಂಗಡಿಗೆ ಹೋದೆವು. ಅಂಗೈಯಗಲದ ಎರಡು ಏಂಜಲ್, ನಾಲ್ಕು ಟೈಗರ್ ಬಾರ್ಬ್, ಹತ್ತು ನಿಯಾನ್ ಟೆಟ್ರಾ, ಮೂರು ಇಂಚಿನ ಎರಡು ಶಾರ್ಕ್, ಹೀಗೆ ಮಗಳು ಬೊಟ್ಟು ಮಾಡಿ ತೋರಿಸಿದ್ದನ್ನೆಲ್ಲ ಬಲೆಯಲ್ಲಿ ಹಿಡಿದು ಚೀಲಗಳಿಗೆ ತುಂಬಿಕೊಟ್ಟರು. ಇವು ಒಂದಕ್ಕೊಂದು ಕಚ್ಚಾಡುವುದಿಲ್ಲವೇ ಎಂದು ಕೇಳಿದೆ. ‘ಏನೂ ಆಗಂಗಿಲ್ರೀ ಸರ್, ಎಲ್ಲಾ ಒಂದ್ರಾಗ ಇರ್ತಾವ್ರೀ. ನಮ್ಮ ಕಡೆ ಹಂಗ ಅದಾವ ನೋಡ್ರಿ’ ಎಂದರು. ಅಂಗಡಿಯ ತೊಟ್ಟಿಯಲ್ಲಿ ಅವು ಒಟ್ಟಿಗೇ ಇದ್ದದ್ದು ನಿಜ. ಆದರೆ ಅಲ್ಲಿ ಮೀನು ಇರುವುದು ಕೆಲವೇ ದಿನ, ಮನೆಯಲ್ಲಿ ಅದು ಬೆಳೆದು ವರ್ಷಗಟ್ಟಲೆ ಬದುಕಬೇಕು.

ಮೂರನೆಯ ದಿನಕ್ಕೇ ಏಂಜಲ್‌ಗಳ ಹೊಟ್ಟೆಯ ಕೆಳಗೆ ಇಳಿಬಿದ್ದಿದ್ದ ಉದ್ದನೆಯ ಎಳೆಗಳು ಮೊಂಡಾಗಿದ್ದವು. ಟೈಗರ್ ಬಾರ್ಬ್ ಚುರುಕಾದ ಮೀನು. ನಿಧಾನವಾಗಿ ಈಜುವ, ಉದ್ದ ರೆಕ್ಕೆಯ ಏಂಜಲ್, ಗಪ್ಪಿ, ಫೈಟರ್ ಮೀನುಗಳ ರೆಕ್ಕೆಗಳನ್ನು ಕಚ್ಚಿ ಹರಿಯುವುದು ಅದರ ಸ್ವಭಾವ. ಗುಂಪು ಚಿಕ್ಕದಾದಷ್ಟೂ ಈ ಚಾಳಿ ಹೆಚ್ಚುತ್ತದೆ. ಕನಿಷ್ಠ ಆರೆಂಟು ಬಾರ್ಬ್‌ಗಳಿದ್ದರೆ ಅವು ತಮ್ಮ ತಮ್ಮಲ್ಲೇ ಅಟ್ಟಾಡಿಕೊಂಡು ಬಹುಮಟ್ಟಿಗೆ ಇತರರ ತಂಟೆಗೆ ಹೋಗುವುದಿಲ್ಲ. ನಾನು ತಂದದ್ದು ನಾಲ್ಕು. ಹರಿದ ರೆಕ್ಕೆಯ ಅಂಚಿನಲ್ಲಿ ಬಿಳಿ ಬೂಸ್ಟು ಕಾಣಿಸಿಕೊಂಡು ಮೂರನೆಯ ವಾರದಲ್ಲಿ ಒಂದು ಏಂಜಲ್ ಸತ್ತಿತು.

ಇತ್ತ ನಿಯಾನ್ ಟೆಟ್ರಾಗಳ ಸಂಖ್ಯೆ ಕಡಿಮೆಯಾಗುತ್ತ ಬಂದಿತ್ತು. ಸತ್ತ ಮೀನು ಒಂದೂ ಸಿಗಲಿಲ್ಲ, ಬೆಳಿಗ್ಗೆ ಎಣಿಸಿದರೆ ಒಂದೋ ಎರಡೋ ಕಡಿಮೆ ಇರುತ್ತಿದ್ದವು. ಒಂದು ದಿನ ಬೆಳಗಿನ ಜಾವ ದೀಪ ಹಾಕಿದಾಗ ಏಂಜಲ್‌ನ ಬಾಯಿಂದ ನಿಯಾನ್‌ನ ಬಾಲ ಹೊರಚಾಚಿದ್ದನ್ನು ಮಗಳು ಕಂಡಳು. ಅದನ್ನು ಅವಳು ಇನ್ನೂ ಮರೆತಿಲ್ಲ. ಎರಡೂ ಮೂಲತಃ ಅಮೆಜಾನ್ ಸೀಮೆಯ ಮೀನುಗಳಾದ್ದರಿಂದ ಒಟ್ಟಿಗೆ ಇರಬಲ್ಲವು ಎಂದು ಹೇಳುವವರಿದ್ದಾರೆ. ಆದರೆ ಪೂರ್ತಿ ಬೆಳೆದ ಏಂಜಲ್‌ಗೆ ಬಾಯಲ್ಲಿ ಹಿಡಿಸುವ ಸಣ್ಣ ಮೀನು ಎಂದರೆ ಆಹಾರವೇ, ಅದರಲ್ಲಿ ಏಂಜಲ್‌ನ ತಪ್ಪೇನೂ ಇಲ್ಲ. ಹೀಗೆ ಏಳು ನಿಯಾನ್‌ಗಳು ಹೋದವು.

ಇಷ್ಟಕ್ಕೇ ನಿಂತಿದ್ದರೂ ಅರ್ಧಕ್ಕಿಂತ ಹೆಚ್ಚು ಮೀನುಗಳು ಉಳಿಯುತ್ತಿದ್ದವು. ಆಹಾರದ ವಿಷಯದಲ್ಲಿ ನಾನು ಮಾಡಿದ ತಪ್ಪು ಎಲ್ಲಕ್ಕಿಂತ ದೊಡ್ಡದು, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೇಲೆ ತೇಲುವ ಕಾಳುಗಳನ್ನು ಹಾಕಿದೊಡನೆ ಬಾರ್ಬ್‌ಗಳೂ ಗೋಲ್ಡ್‌ಫಿಶ್‌ಗಳೂ ನುಗ್ಗಿ ತಿಂದುಬಿಡುತ್ತಿದ್ದವು, ಹೆದರಿ ಮೂಲೆ ಸೇರಿದ್ದ ಏಂಜಲ್‌ಗೂ ತಳದಲ್ಲೇ ಇರುತ್ತಿದ್ದ ಶಾರ್ಕ್‌ಗಳಿಗೂ ಏನೂ ಉಳಿಯುತ್ತಿರಲಿಲ್ಲ. ಅವು ಉಪವಾಸ ಇರಬಾರದೆಂದು ನಾನು ದಿನಕ್ಕೆ ಎರಡು ಸಲದ ಬದಲು ನಾಲ್ಕು ಸಲ ಹಾಕತೊಡಗಿದೆ. ಗೋಲ್ಡ್‌ಫಿಶ್‌ಗೆ ಜಠರವೇ ಇಲ್ಲ, ಎಷ್ಟು ಸಿಕ್ಕರೂ ತಿನ್ನುತ್ತಲೇ ಇರುತ್ತದೆ, ತಿಂದಷ್ಟೂ ನೀರನ್ನು ಕೆಡಿಸುತ್ತದೆ. ತಿನ್ನದೆ ಉಳಿದ ಕಾಳು ಕಲ್ಲಿನ ಸಂದಿಯಲ್ಲಿ ಕೊಳೆಯುತ್ತದೆ. ಮೀನಿನ ಕಿವಿರಿನಿಂದ ಹೊರಬರುವುದೂ ಕೊಳೆತ ಆಹಾರದಿಂದ ಹುಟ್ಟುವುದೂ ಅಮೋನಿಯವೇ. ಫಿಲ್ಟರಿನ ಸ್ಪಂಜಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ವ್ಯವಸ್ಥೆ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನಮ್ಮ ತೊಟ್ಟಿಯಲ್ಲಿ ಅದು ನೆಲೆಗೊಂಡಿತ್ತಾದರೂ ಎರಡು ಮೀನುಗಳಿಗೆ ತಕ್ಕಷ್ಟು ಮಾತ್ರ ಇತ್ತು. ಅದರ ಮೇಲೆ ನಾನು ಒಂದೇ ದಿನ 18 ಮೀನುಗಳ ಭಾರ ಹೊರಿಸಿದ್ದೆ.

ಏಪ್ರಿಲ್ ಎರಡನೆಯ ವಾರ ಮದುವೆಗೆಂದು ಎರಡು ದಿನ ಗೋಕಾಕಕ್ಕೆ ಹೋಗುವಾಗ ಪಕ್ಕದ ಮನೆಯ ಹುಡುಗನ ಕೈಗೆ ಆಹಾರದ ಡಬ್ಬಿಯನ್ನೇ ಕೊಟ್ಟು ಹೋದೆ, ಅಳತೆ ಹೇಳಲಿಲ್ಲ. ಅವನು ಪ್ರೀತಿಯಿಂದ ಹಿಡಿ ಹಿಡಿಯಾಗಿ ಹಾಕಿದ್ದ. ಬಂದು ನೋಡಿದರೆ ನೀರು ಅಕ್ಕಿ ತೊಳೆದ ನೀರಿನಂತಾಗಿತ್ತು. ಉಳಿದಿದ್ದ ಮೂರು ನಿಯಾನ್, ಏಂಜಲ್, ಎರಡು ಬಾರ್ಬ್, ಒಂದು ಗೋಲ್ಡ್‌ಫಿಶ್ ಸತ್ತು ತೇಲುತ್ತಿದ್ದವು. ಬದುಕಿದ್ದವು ಮೇಲ್ಮೈಗೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಆರೋಗ್ಯವಾಗಿರುವ ದೊಡ್ಡ ಮೀನುಗಳು ಎರಡು ಮೂರು ದಿನ ಆಹಾರವಿಲ್ಲದೆ ಸುಖವಾಗಿಯೇ ಇರುತ್ತವೆ ಎಂಬುದು ನನಗೆ ಗೊತ್ತಿದ್ದರೆ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ಹೋಗುತ್ತಿದ್ದೆ.

ನಮ್ಮ ಭಾಗದವರು ಇನ್ನೊಂದು ವಿಷಯ ತಿಳಿದಿರಬೇಕು. ನೀರು ಕ್ಷಾರೀಯವಾದಷ್ಟೂ ಬೆಚ್ಚಗಾದಷ್ಟೂ ಅಮೋನಿಯದ ವಿಷ ಏರುತ್ತದೆ. ಗಾಜಿನ ಮೇಲೆ ಬಿಳಿ ಕಲೆ ಉಳಿಸುವ ನಮ್ಮ ಬೋರಿನ ನೀರನ್ನು ನಂತರ ಪರೀಕ್ಷಿಸಿದಾಗ ಅದರ ಪಿಎಚ್ 8.2 ಇತ್ತು, ಅಂದರೆ ಅದು ಕ್ಷಾರೀಯ ನೀರು. ಏಪ್ರಿಲ್ ಬಿಸಿಲಿಗೆ ತೊಟ್ಟಿಯ ನೀರು 32 ಡಿಗ್ರಿ ದಾಟಿತ್ತು, ಬೆಚ್ಚಗಿನ ನೀರಿನಲ್ಲಿ ಆಮ್ಲಜನಕವೂ ಕಡಿಮೆ. ತಂಪು ನೀರಿನ ಗೋಲ್ಡ್‌ಫಿಶ್‌ಗೂ, ಮೃದುವಾದ ಆಮ್ಲೀಯ ನೀರಿನಿಂದ ಬಂದ ನಿಯಾನ್‌ಗೂ ಈ ನೀರು ಮೊದಲೇ ಕಷ್ಟದ್ದು. ಗಡಸು ನೀರನ್ನೇ ಬಯಸುವ ಮಾಲಿ, ಪ್ಲಾಟಿ, ಗಪ್ಪಿಗಳು ನಮ್ಮ ಮನೆಗಳಿಗೆ ಹೆಚ್ಚು ಸೂಕ್ತ ಎಂದು ಅಂದು ಒಬ್ಬರೂ ಹೇಳಲಿಲ್ಲ.

ಈಗ ಗೋಲ್ಡ್‌ಫಿಶ್‌ಗೆ ಬೇರೆ ತೊಟ್ಟಿ ಮಾಡಿದ್ದೇನೆ. ಬಾರ್ಬ್‌ಗಳನ್ನು ಎಂಟಕ್ಕೆ ಏರಿಸಿದ್ದೇನೆ. ಅವುಗಳ ಜೊತೆಗೆ ಗಿಡ್ಡ ರೆಕ್ಕೆಯ ಮಾಲಿಗಳು, ಒಂದು ಗಂಡಿಗೆ ಮೂರು ಹೆಣ್ಣಿನಂತೆ, ಎರಡು ವಾರಕ್ಕೆ ನಾಲ್ಕರ ಹಾಗೆ ಸೇರಿದವು. ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕುತ್ತೇನೆ. ಮಾಲಿಗಳಿಗೆ ಸೊಪ್ಪಿನ ಅಂಶ ಬೇಕಾದ್ದರಿಂದ ವಾರಕ್ಕೊಮ್ಮೆ ಬೇಯಿಸಿದ ಪಾಲಕ್ ಅಥವಾ ಸಿಪ್ಪೆ ತೆಗೆದ ಬಟಾಣಿ ಹಾಕಿ, ಉಳಿದದ್ದನ್ನು ಸಂಜೆಯೊಳಗೆ ತೆಗೆದುಬಿಡುತ್ತೇನೆ. ವಾರಕ್ಕೆ ಕಾಲು ಭಾಗ ನೀರು ಬದಲಿಸುವಾಗ ಸ್ಪಂಜನ್ನು ನಲ್ಲಿಯ ಕೆಳಗೆ ತಿಕ್ಕದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡುತ್ತೇನೆ. ನಲ್ಲಿ ನೀರಿನ ಕ್ಲೋರಿನ್ ಆ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ.

ಶಾರ್ಕ್‌ಗಳ ವಿಷಯ ಉಳಿಯಿತು. ಆ ಹೆಸರಿನಲ್ಲಿ ಮಾರುವುದು ಸಮುದ್ರದ ಶಾರ್ಕ್ ಅಲ್ಲ. ಆಗ್ನೇಯ ಏಷ್ಯಾದ ಮೆಕಾಂಗ್ ನದಿಯ, ಊಟಕ್ಕೆಂದು ನಮ್ಮ ದೇಶದಲ್ಲೂ ಸಾಕುವ ಪಂಗಾಸ್ ಮೀನು. ಅದು ಒಂದು ಮೀಟರಿಗೂ ಹೆಚ್ಚು ಉದ್ದ ಬೆಳೆಯುತ್ತದೆ. ಮೂರು ಇಂಚಿನದನ್ನು ಕೊಳ್ಳುವಾಗ ‘ಇದು ಎಷ್ಟು ದೊಡ್ಡದಾಗುತ್ತದೆ’ ಎಂದು ನಾನು ಕೇಳಲೇ ಇಲ್ಲ, ನೀವು ಪ್ರತಿ ಮೀನಿಗೂ ಮೊದಲು ಅದನ್ನೇ ಕೇಳಿ. ದೀಪ ಹಾಕಿದಾಗಲೆಲ್ಲ ಬೆದರಿ ಗಾಜಿಗೆ ಮೂತಿ ಗುದ್ದಿಕೊಳ್ಳುತ್ತಿದ್ದ ಅವುಗಳನ್ನು ಭೂತನಾಳ ಕೆರೆಗೆ ಬಿಟ್ಟುಬಿಡಿ ಎಂದು ಇಬ್ಬರು ಸಲಹೆ ಕೊಟ್ಟರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಹೊರಗಿನ ಮೀನು ಕೆರೆ ಸೇರಿದರೆ ಅಲ್ಲಿನ ಮೀನುಗಳ ಆಹಾರಕ್ಕೂ ಜಾಗಕ್ಕೂ ಕುತ್ತು ಬರುತ್ತದೆ, ರೋಗಗಳೂ ಹರಡಬಹುದು. ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲು ಒಪ್ಪದ ಕಾರಣ, ಇದೇ ಮೀನನ್ನು ಕೊಳದಲ್ಲಿ ಸಾಕುತ್ತಿರುವ ಪರಿಚಯದ ರೈತರೊಬ್ಬರಿಗೆ ಎರಡನ್ನೂ ಒಯ್ದು ಕೊಟ್ಟು ಬಂದೆ.